ಕ್ಲಿಫರ್ಡ್ ಮೆತ್ತಿದ ಗೋಡೆ

ಮಾರ್ಚ್ 2, 1970, ಸೋಮವಾರ

ಈ ಪುಸ್ತಕ ಯಾಕೆ ಶುರುಮಾಡಿದೆ ಅಂದರೆ, ಮನೆಯಲ್ಲಿ ಬೈಯಲು ಯಾರೂ ಇಲ್ಲ. ನೀನು ತೀರಿಹೋದ ಮೇಲೆ ಇದು ಎರಡನೇ ಚಳಿಗಾಲ, ಕ್ಲಿಫರ್ಡ್. ಮದುವೆಯಾದಾಗಿನಿಂದ ಬೈದು ಅಭ್ಯಾಸವಾದ ಬಾಯಿ, ಸುಮ್ಮನಿರು ಅಂದರೆ ಇರುತ್ತದೆಯೇ?

ಸೋಮವಾರ, ಬಟ್ಟೆ ಒಗೆಯುವ ದಿನ. ಬೀದಿಯ ಅಡ್ಡಕ್ಕೆ ಕಟ್ಟಿದ ಹಗ್ಗದಲ್ಲಿ ದುಪ್ಪಟಿ ಹರವಿ ತಿರುಗುತ್ತೇನೆ, ಕೋಟು ಹಾಕಿಕೊಂಡ ಒಬ್ಬ ಆಸಾಮಿ ನನ್ನ ಗೋಡೆಗೆ ಕಾಗದ ಅಂಟಿಸುತ್ತಿದ್ದಾನೆ! ಬಕೆಟ್ ಹಿಡಿದೇ ಓಡಿದೆ.

"ಏನ್ರೀ ಅದು? ಗೋಡೆ ನಿಮ್ಮಪ್ಪನ ಮನೇದಾ?"

"ಸಗ್ಡನ್ ಅಂತ, ಪುರಸಭೆಯಿಂದ ಬಂದಿದ್ದೀನಿ. ನೋಟೀಸು ಇದು. ಓದ್ಕೊಳ್ಳಮ್ಮ."

ಓದಿದೆ. ಜೂಬಿಲಿ ಸಾಲು, ಕೆಳಗಿನ ಮೂಲೆಯಿಂದ ಮೇಲಿನ ಮೂಲೆಯವರೆಗೆ, ಮನುಷ್ಯರ ವಾಸಕ್ಕೆ ಯೋಗ್ಯವಲ್ಲವಂತೆ. ತೇವವಂತೆ. ಎಲ್ಲಾ ಕೆಡವಿ, ನಮ್ಮನ್ನು ಗುಡ್ಡದಾಚೆ ಬಹುಮಹಡಿ ಕಾಂಕ್ರೀಟ್ ಗೋಪುರಕ್ಕೆ ತುಂಬುತ್ತಾರಂತೆ. ನನ್ನಜ್ಜಿ ಮದುವಣಗಿತ್ತಿಯಾಗಿ ಬಂದಾಗ ಈ ಕಲ್ಲು ಜೇನಿನ ಬಣ್ಣಕ್ಕಿತ್ತಂತೆ. ಗಿರಣಿ ಹೊಗೆ ಕುಡಿದೂ ಕುಡಿದೂ ಕಪ್ಪಾಗಿದೆ, ನಿಜ. ಕಪ್ಪಾಗಿದ್ದಕ್ಕೆ ಕೆಡವುವುದಾದರೆ ಈ ಥಾರ್ನ್‌ಶಾ ಊರಲ್ಲಿ ಏನು ಉಳಿದೀತು? ಇಗರ್ಜಿಯೂ ಉಳಿಯುವುದಿಲ್ಲ.

"ನನ್ನ ಹೆಣ ಬೀಳೋವರೆಗೂ ಒಂದು ಕಲ್ಲು ಅಲ್ಲಾಡಿಸಕ್ಕಾಗಲ್ಲ" ಅಂದೆ. ಅವನು ಹಲ್ಲು ಕಿರಿದು ಪಕ್ಕದ ಮನೆಗೆ ಹೋದ. ಕಾಗದ ಹಸಿ ಇದ್ದಾಗಲೇ ಕಿತ್ತು ಒಲೆಗೆ ಹಾಕಿದೆ.

ಯಾರ ಮನೆಗೆ ತೇವ ಅಂತಾರೆ ನೋಡು! ನೀನು ಒಂದಿಡೀ ಬೇಸಿಗೆ ಏಣಿ ಮೇಲೆ ನಿಂತು ಪ್ರತಿ ಕಲ್ಲಿನ ಸಂದಿಗೂ ಸಿಮೆಂಟ್ ಮೆತ್ತಿದ ಮನೆಗೆ.

ಮಾರ್ಚ್ 6, ಶುಕ್ರವಾರ

ಮೆಟ್ಟಿಲು ತೊಳೆದೆ. ಚಿಂದಿಯವನು ಹಳೇ ಬಟ್ಟೆಗೆ ಬದಲಾಗಿ ಕೊಟ್ಟ ಹಳದಿ ಕಲ್ಲಿನಿಂದ ಅಂಚು ಉಜ್ಜಿದೆ, ಗೆರೆ ಎಳೆದ ಹಾಗೆ. ಪುರಸಭೆಯವನು ಬರಲಿ, ಮೊದಲು ಇದನ್ನು ತುಳಿದೇ ಒಳಗೆ ಬರಬೇಕು.

ಪಕ್ಕದ ಬಾರಕ್ಲಫ್‌ಳ ಮೆಟ್ಟಿಲು ಕ್ರಿಸ್‌ಮಸ್ಸಿನಿಂದ ನೀರು ಕಂಡಿಲ್ಲ. ಅವಳ ಗಂಡ ವಾಲ್ಟ್ ಅದರ ಮೇಲೇ ಕುಂಡೆ ಊರಿ, ಪೈಪ್ ಸೇದುತ್ತಾ, ತನ್ನ ಪಾರಿವಾಳಗಳನ್ನು ನೋಡುತ್ತಾ ಬೆಳಗು ಸಂಜೆ ಮಾಡುತ್ತಾನೆ. ನೆನಪಿದೆಯಾ, ನೀನು ಇಡೀ ಸಾಲಿಗೆ ಪುಕ್ಕಟೆ ಸಿಮೆಂಟ್ ಮೆತ್ತಿಕೊಡುತ್ತೇನೆ ಅಂದಾಗ ಅವನು ಏನಂದ? "ನೀನು ಹುಟ್ಟೋಕ್ ಮುಂಚೆಯಿಂದ ನಿಂತಿದೆ ಕಣಯ್ಯ, ಮುಟ್ಟಬೇಡ." ಎಲ್ಲರ ಮನೆಯದೂ ಮಾಡಿದೆ, ಅವರದೊಂದು ಬಿಟ್ಟು. ಅವತ್ತಿನಿಂದ ಗಂಡಸರಿಗೆ ಮಾತಿಲ್ಲ, ಹಾಗಾಗಿ ನಮಗೂ ಇಲ್ಲ.

ಇವತ್ತು ಅವಳೇ ಬಾಯಿ ತೆರೆದಳು. "ಮಿಸೆಸ್ ಆಕ್ರಾಯ್ಡ್, ಬೀಳೋ ಮನೆಗೆ ಇಷ್ಟೊಂದು ಉಜ್ಜೋದ್ಯಾಕೆ?"

"ಬೀಳೋದು ನಿಮ್ಮದು, ಮಿಸೆಸ್ ಬಾರಕ್ಲಫ್. ನಮ್ಮದಲ್ಲ."

ಒಳಗೆ ಬಂದು ಬಾಗಿಲು ಹಾಕಿ ಚಿಲಕ ಜಡಿದೆ. ನೀನಿದ್ದಾಗ ಮುಂಬಾಗಿಲು ಯಾವಾಗಲೂ ಹಾ ಅಂತ ತೆರೆದೇ ಇರುತ್ತಿತ್ತು. ಎಷ್ಟು ಸಲ ಕಿರುಚಿದ್ದೇನೆ, ಬಾಗಿಲು ಹಾಕೋ ಮಾರಾಯಾ ಅಂತ. ಈಗ ಮುಚ್ಚಿಯೇ ಇರುತ್ತದೆ. ಬಾಗಿಲ ಪಕ್ಕದ ದೊಡ್ಡ ಸಂದಿಗೆ ಸಿಮೆಂಟ್ ತುಂಬಿ, ರುಜು ಹಾಕಿದ ಹಾಗೆ ಹೆಬ್ಬೆರಳು ಒತ್ತಿದ್ದೀಯಲ್ಲ, ಒಳಗೆ ಬರುವಾಗ ದಿನಾ ಅದನ್ನು ಮುಟ್ಟುತ್ತೇನೆ. ಯಾರೂ ನೋಡದಿದ್ದರೆ ಮಾತ್ರ.

ಮಾರ್ಚ್ 19, ಗುರುವಾರ

ಥೂ ಇವನ!

ಸಗ್ಡನ್ ಬಂದ. ಕೈಯಲ್ಲಿ ಎರಡು ಮುಳ್ಳಿನ ಒಂದು ಪುಟ್ಟ ಪೆಟ್ಟಿಗೆ. ಮುಳ್ಳನ್ನು ಗೋಡೆಗೆ ಒತ್ತಿದರೆ ಒಳಗಿನ ತೇವಕ್ಕೆ ಸೂಜಿ ಏಳುತ್ತದಂತೆ. ನಾನು ಟೀ ಮಾಡಿಕೊಟ್ಟೆ, ಒಳ್ಳೆಯ ಬಟ್ಟಲಲ್ಲಿ. ಅವನು ಬಟ್ಟಲು ಕೆಳಗಿಟ್ಟು ಬೀರು ಸರಿಸಿದ. ಅದನ್ನು ಯಾರೂ ಸರಿಸಬಾರದು, ಅದಕ್ಕೇ ಅದು ಅಲ್ಲಿರುವುದು. ಹಿಂದೆ ಗೋಡೆ ಕಾಗದ ಸುಲಿದು ಜೋತುಬಿದ್ದಿತ್ತು. ಪ್ರತಿ ವಸಂತಕ್ಕೂ ಹೊಸದು ಅಂಟಿಸುತ್ತೇನೆ, ಪ್ರತಿ ಚಳಿಗಾಲಕ್ಕೂ ಸುಲಿಯುತ್ತದೆ. ಅದು ಅಂಟಿನ ದೋಷ ಅಂತ ನಾವಿಬ್ಬರೂ ಒಪ್ಪಿಕೊಂಡಿದ್ದೆವು.

ಸೂಜಿ ಕೊನೆ ಮುಟ್ಟಿ ನಡುಗಿತು.

"ನೋಡಮ್ಮಾ, ಚೊಕ್ಕಟವಾಗಿ ಇಟ್ಕೊಂಡಿದ್ದೀರಿ, ಆದ್ರೆ ಈ ಸಾಲಲ್ಲೇ ನಿಮ್ದು ಎಲ್ಲಕ್ಕಿಂತ ಒದ್ದೆ ಮನೆ."

ಆಮೇಲೆ ಬಾರಕ್ಲಫ್‌ರ ಮನೆಗೆ ಹೋದ. ನಾನು ಹೊರಗೆ ನಿಂತು ಇಲ್ಲದ ಧೂಳು ಗುಡಿಸಿದೆ. ಅವಳು ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವ ಹಾಗೆ, "ಸೂಜಿ ಅಲ್ಲಾಡ್ಲೇ ಇಲ್ಲ ಕಣ್ರೀ! ಒಣಾ ರೊಟ್ಟಿ ಇದ್ದಂಗಿದೆ ಅಂದ" ಅಂದಳು.

ಆ ಕೊಳಕು ಮನೆ! ಅಡುಗೆಮನೆಯಲ್ಲಿ ಪಾರಿವಾಳದ ಕಾಳು ಚೆಲ್ಲಿರುವ ಮನೆ!

ಮಾರ್ಚ್ 20, ಶುಕ್ರವಾರ

ಮೆಟ್ಟಿಲು ತೊಳೆಯಲಿಲ್ಲ.

ಏಪ್ರಿಲ್ 12, ಭಾನುವಾರ

ಬೋರ್ಡ್ ಬರೆದೆ, ನಿನ್ನ ಶೆಡ್ಡಿನ ಕೆಂಪು ಬಣ್ಣದಲ್ಲಿ: "ಈ ಮನೆ ಬಿಡುವುದಿಲ್ಲ. ಬಂದು ನೋಡಿ." ಭಾನುವಾರ ಸುತ್ತಿಗೆ ಹಿಡಿದಿದ್ದಕ್ಕೆ ಇಗರ್ಜಿಗೆ ಹೊರಟವರೆಲ್ಲ ಕಣ್ಣು ಬಿಟ್ಟರು. ಬಿಡಲಿ.

ಕಿಟಕಿಯ ಕೆಳಗೆ ಸಂದಿಗೆ ಮೊಳೆ ಇಟ್ಟು ಒಂದೇ ಏಟು. ನೀನು ಮೆತ್ತಿದ ಸಿಮೆಂಟ್ ಪಟ್ಟಿ ಅಂಗೈ ಉದ್ದಕ್ಕೆ ಕಳಚಿ ಕಾಲ ಮೇಲೆ ಬಿತ್ತು. ಅದರ ಹಿಂದೆ ಅಜ್ಜಿಯ ಕಾಲದ ಸುಣ್ಣದ ಗಾರೆ. ಬೆರಳು ಹಾಕಿದೆ. ಓಟ್ಸ್ ಗಂಜಿ. ಹಿಂಡಿದರೆ ನೀರು ಬರುವಷ್ಟು ಒದ್ದೆ. ಮಳೆ ಬಂದು ವಾರವಾಗಿದೆ. ಅಕ್ಕಪಕ್ಕದ ಕಲ್ಲಿನ ಮುಖವೂ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ.

ಬೋರ್ಡನ್ನು ಒಳಗೆ ತಂದಿಟ್ಟೆ.

ಏಪ್ರಿಲ್ 14, ಮಂಗಳವಾರ

ವಾಲ್ಟ್ ಪಾರಿವಾಳ ಹಾರಿಸಲು ಗುಡ್ಡಕ್ಕೆ ಹೋದದ್ದು ನೋಡಿಕೊಂಡು ಅವರ ಗೋಡೆಯ ಸಂದಿಗೆ ಉಗುರು ಹಾಕಿದೆ. ಒಣ ಪುಡಿ. ಹಿಟ್ಟಿನ ಹಾಗೆ ಉದುರಿತು. ಮಳೆ ಬಂದಾಗ ಆ ಗಾರೆ ನೀರು ಕುಡಿಯುತ್ತದೆ, ಗಾಳಿ ಬಂದಾಗ ಬಿಟ್ಟುಬಿಡುತ್ತದೆ. ನಮ್ಮದು ಕುಡಿಯುತ್ತದೆ, ಬಿಡಲು ದಾರಿಯೇ ಇಲ್ಲ, ನೀನು ಬಾಯಿ ಮುಚ್ಚಿದ್ದೀಯ. ಕೊನೆಗೆ ಒಳಗೆ ಬರುತ್ತದೆ, ನನ್ನ ಬೀರುವಿನ ಹಿಂದಕ್ಕೆ.

"ಏನ್ ಹುಡುಕ್ತಿದೀರಾ, ಮಿಸೆಸ್ ಆಕ್ರಾಯ್ಡ್? ಚಿನ್ನಾನಾ?" ಡೋರಾ ಬಾರಕ್ಲಫ್ ಮೇಲಿನ ಕಿಟಕಿಯಿಂದ ಬಗ್ಗಿದ್ದಳು.

"ಬೆಕ್ಕು ಓಡ್ತು" ಅಂದೆ.

"ನಿಮ್ಮನೇಲಿ ಬೆಕ್ಕಿಲ್ವಲ್ಲ?"

ನನಗೆ ಸಿಟ್ಟು ಬಂದಿರುವುದು ಯಾರ ಮೇಲೆ ಅಂತ ಬರೆಯುವುದಿಲ್ಲ.

ಮೇ 8, ಶುಕ್ರವಾರ

ಇಗರ್ಜಿಯ ಹಿಂದಿನ ಕೋಣೆಯಲ್ಲಿ ಸಾಲಿನವರ ಸಭೆ. ಅರ್ಧ ಜನ ಆಗಲೇ ಸೋತಿದ್ದಾರೆ. ಗೋಪುರದಲ್ಲಿ ಬಿಸಿನೀರಿನ ಬಚ್ಚಲಿದೆ, ಕಕ್ಕಸು ಮನೆಯೊಳಗೇ ಇದೆ ಅಂತ ಮೇಲಿನ ಮೂಲೆಮನೆಯ ಮಿಸೆಸ್ ಫರ್ತ್ ಕನಸು ಕಾಣುತ್ತಿದ್ದಾಳೆ. "ಗೋಡೆ ಕೊಳ್ತು ಹೋಗಿದೆ, ಏನ್ಮಾಡಕ್ಕಾಗುತ್ತೆ?" ಅಂದಳು. ಸೆಪ್ಟೆಂಬರಿನಲ್ಲಿ ಲಂಡನ್ನಿನಿಂದ ತನಿಖಾಧಿಕಾರಿ ಬಂದು ಎಲ್ಲರ ಮಾತು ಕೇಳುತ್ತಾನಂತೆ. ಅಲ್ಲಿ ಸೋತರೆ ಮುಗಿಯಿತು.

ನನಗೆ ಕಾರಣ ಗೊತ್ತು. ನಾಲಿಗೆ ತುದಿಗೆ ಬಂದಿತ್ತು. ಆದರೆ ಎದುರುಗಡೆ ಗೋಡೆಯಲ್ಲಿ ನಿನ್ನ ಚಿತ್ರ, ಇಗರ್ಜಿಯ ಕಾಂಪೌಂಡ್ ಕಟ್ಟಿದ ಗುಂಪಿನ ಮಧ್ಯೆ, ಕರಣೆ ಹಿಡಿದು ನಗುತ್ತಾ. ಮಿಸೆಸ್ ಫರ್ತ್ ಬೇರೆ, "ಕ್ಲಿಫರ್ಡ್ ಇದ್ದಿದ್ರೆ ಏನಾದ್ರೂ ಮಾಡ್ತಿದ್ದ, ಪುಣ್ಯಾತ್ಮ" ಅಂತ ಕಣ್ಣೊರೆಸಿಕೊಂಡಳು. ಬಂದ ಮಾತು ನುಂಗಿ ಕೋಟು ಹಾಕಿಕೊಂಡೆ.

ಮನೆಗೆ ಬಂದು ನಿನ್ನ ಕರಣೆಯನ್ನು ಶೆಡ್ಡಿನ ಗೋಡೆಗೆ ಬೀಸಿದೆ. ಹಿಡಿ ಮುರಿಯಿತು. ನೀನು ಯಾಕೆ ಅಷ್ಟು ಚೆನ್ನಾಗಿ ಮೆತ್ತಿದೆ? ಎಲ್ಲರ ಗಂಡಂದಿರ ಹಾಗೆ ಅರ್ಧಂಬರ್ಧ ಮಾಡಿದ್ದರೆ ಇಷ್ಟರಲ್ಲಿ ತಾನೇ ಉದುರುತ್ತಿತ್ತು!

ಮೇ 11, ಸೋಮವಾರ

ಎದ್ದವಳೇ ಉಳಿ, ಸುತ್ತಿಗೆ ಹಿಡಿದು ಕಿಟಕಿಯ ಕೆಳಗೆ ಕೂತೆ. ಶುರುಮಾಡಿದರೆ ಕೈ ನಿಲ್ಲಲಿಲ್ಲ. ಒಂದು ಪಟ್ಟಿ ಕಿತ್ತೆ, ಇನ್ನೊಂದು ಕಿತ್ತೆ. ಸೋಮವಾರ ಅನ್ನುವುದು ತಲೆಯಲ್ಲೇ ಇರಲಿಲ್ಲ. ಹಿಂದಿರುಗಿ ನೋಡಿದರೆ, ಬೀದಿಯುದ್ದಕ್ಕೂ ಹರವಿದ ಒಗೆದ ಬಟ್ಟೆಗಳ ಮೇಲೆಲ್ಲ ನನ್ನ ಸಿಮೆಂಟ್ ಧೂಳು! ಜೂಬಿಲಿ ಸಾಲಿನಲ್ಲಿ ಗಂಡನನ್ನು ಬಿಟ್ಟು ಓಡಿಹೋದವಳಿಗೆ ಕ್ಷಮೆ ಇದೆ. ಸೋಮವಾರದ ದುಪ್ಪಟಿ ಕೊಳೆ ಮಾಡಿದವಳಿಗೆ ಇಲ್ಲ.

ಮೊದಲು ಬಂದವಳು ಡೋರಾ, ತೋಳು ಮಡಚಿಕೊಂಡು.

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ವರ್ಷಕ್ಕೊಂದ್ಸಲ ಬಿಳೀ ಬಟ್ಟೆ ಒಗೀತೀನಿ, ಅದೂ ಹೋಯ್ತು!"

"ಬೈರಿ, ಬೈರಿ. ಬೈದು ಮುಗಿದ್ಮೇಲೆ ಇಲ್ಲಿ ಬೆರಳಿಡಿ."

ಇಟ್ಟಳು. ಆಮೇಲೆ ತನ್ನ ಗೋಡೆಗೆ ಹೋಗಿ ಇಟ್ಟಳು. ತಿರುಗಿ ಬಂದು ಮತ್ತೆ ನನ್ನದಕ್ಕೆ ಇಟ್ಟಳು. ದಡ್ಡಿ ಅಂದುಕೊಂಡಿದ್ದೆ, ಅಲ್ಲ.

"ಅಯ್ಯೋ ದೇವರೇ. ಎಲ್ಲಾ ಮನೆಯದೂ ಇದೇನಾ?"

"ನಿಮ್ದೊಂದು ಬಿಟ್ಟು."

ಮೆಟ್ಟಿಲ ಮೇಲಿಂದ ವಾಲ್ಟ್ ಪೈಪ್ ತೆಗೆದ. "ಅಂದ್ರೆ ನಾನು ಏನೂ ಮಾಡ್ದೇನೇ ಮನೆ ಉಳಿಸ್ದೆ ಅಂತಾಯ್ತಲ್ಲ!"

"ನೀನು ಬಾಯ್ ಮುಚ್ಚು" ಅಂದೆವು, ಇಬ್ಬರೂ ಒಟ್ಟಿಗೆ.

ಡೋರಾ ಒಳಗೆ ಹೋದಳು. ಮುನಿಸಿಕೊಂಡು ಹೋದಳು ಅಂದುಕೊಂಡೆ. ಕಲ್ಲಿದ್ದಲು ಒಡೆಯುವ ಸುತ್ತಿಗೆ ಹಿಡಿದು ಬಂದಳು. "ನಾನೇನು ಸುಮ್ನೆ ಮಾಡ್ತಿಲ್ಲ" ಅಂದಳು. "ನಿಮ್ಮನೆ ಬಿದ್ರೆ ನಮ್ಮನೇನೂ ಬೀಳುತ್ತೆ. ಮಧ್ಯದ ಗೋಡೆ ಇಬ್ಬರದೂ ಒಂದೇ ಅಲ್ವಾ?"

ಮೇ 23, ಶನಿವಾರ

ಕೈ ತುಂಬ ಬೊಬ್ಬೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಟೀ ಮಾಡಿ, ಪಕ್ಕದ ಮನೆಗೆ ಕೇಳುವ ಹಾಗೆ ಬೆಂಕಿಗೂಡಿನ ಹಿಂಬದಿಗೆ ಕಬ್ಬಿಣದ ಸಲಾಕೆಯಿಂದ ಎರಡು ಸಲ ಕುಟ್ಟಿದೆ, ಡೋರಾ ಬಂದಳು.

ಜೂನ್ 21, ಭಾನುವಾರ

ಈಗ ಎಲ್ಲರೂ ಕೆಲಸಕ್ಕೆ ಇಳಿದಿದ್ದಾರೆ. ಮಿಸೆಸ್ ಫರ್ತ್ ಸಹಿತ! ಅವಳಿಗೆ ನಾನೇ ಹೇಳಿದೆ, ನಿನ್ನ ಹೆಸರು ಹೇಳದೆ, ಸಿಮೆಂಟ್ ತಪ್ಪು ಅಂತಷ್ಟೇ. "ಕ್ಲಿಫರ್ಡ್ ಮೆತ್ತಿದ್ದಲ್ವಾ?" ಅಂದಳು. "ಹೂಂ, ಈಗ ಕೀಳಿ" ಅಂದೆ. ಸುಣ್ಣ, ಮರಳು ಕಲಸಿ, ರೊಟ್ಟಿಗೆ ಬೆಣ್ಣೆ ಸವರುವ ಚಾಕುವಿನಲ್ಲೇ ಸಂದಿಗೆ ತುಂಬುತ್ತಿದ್ದೇವೆ. ವಾಲ್ಟ್ ಮರಳು ಹೊತ್ತು ತಂದ. ಅವನು ಕೆಲಸ ಮಾಡುವುದನ್ನು ನೋಡಲು ಬೀದಿಯೇ ನಿಂತಿತ್ತು.

ಸಗ್ಡನ್ ಬಂದು, "ಯಾಕಮ್ಮ ಸುಮ್ನೆ? ಹೆಣಕ್ಕೆ ಶೃಂಗಾರ" ಅಂದ. ಡೋರಾ ಅವನ ಬೂಟಿನ ಮೇಲೆ ಒಂದು ಬಟ್ಟಲು ಸುಣ್ಣದ ನೀರು ಚೆಲ್ಲಿದಳು. ಕೈ ಜಾರಿತಂತೆ.

ಬಾಗಿಲ ಪಕ್ಕದ ಸಂದೊಂದನ್ನು ಮುಟ್ಟಿಲ್ಲ. ಅದಕ್ಕೆ ಅವಸರವೇನು.

ಆಗಸ್ಟ್ 16, ಭಾನುವಾರ

ಮಳೆ ಬಂತು. ಎಲ್ಲರೂ ಮನೆಯೊಳಗೆ ಕೂತು ಗೋಡೆ ನೋಡಿದೆವು, ಕಾಯಿಲೆ ಮಗುವನ್ನು ನೋಡುವ ಹಾಗೆ. ಬೀರುವಿನ ಹಿಂದೆ ಕೈಯಿಟ್ಟೆ. ತಣ್ಣಗಿತ್ತು. ಒದ್ದೆ ಅಂತ ಹೇಳಲಾರೆ.

ಸೆಪ್ಟೆಂಬರ್ 15, ಮಂಗಳವಾರ

ಪುರಭವನದಲ್ಲಿ ವಿಚಾರಣೆ. ಲಂಡನ್ನಿನ ತನಿಖಾಧಿಕಾರಿ ಬೋಳುತಲೆಯ ಮೆತ್ತಗಿನ ಮನುಷ್ಯ, ಎಲ್ಲಾ ಬರೆದುಕೊಳ್ಳುತ್ತಿದ್ದ. ಪುರಸಭೆಯ ವಕೀಲ ನನ್ನನ್ನೇ ಹಿಡಿದ. ಡೋರಾ ನನ್ನ ಕೋಟಿನ ಕಾಲರ್ ಸರಿಮಾಡಿ, "ಹೋಗೇ, ಹೆದರಬೇಡ" ಅಂತ ನೂಕಿದ್ದಳು.

"ಮಿಸೆಸ್ ಆಕ್ರಾಯ್ಡ್, ಮಾರ್ಚಿನಲ್ಲಿ ನಿಮ್ಮ ಮನೆ ಈ ಸಾಲಿನಲ್ಲೇ ಅತ್ಯಂತ ತೇವದ್ದು. ಒಪ್ತೀರಾ?"

"ಒಪ್ತೀನಿ."

"ಮನೆಯನ್ನ ನೀವು ಚೆನ್ನಾಗೇ ನೋಡ್ಕೊಂಡಿದ್ರಿ?"

"ನನಗಿಂತ ಚೆನ್ನಾಗಿ ಯಾರು ನೋಡ್ಕೋತಾರೆ?"

"ಹಾಗಾದರೆ ದೋಷ ಕಟ್ಟಡದ್ದೇ ಅಂತಾಯ್ತು."

ಅವನು ಆಗಲೇ ಕೂರಲು ಹೊರಟಿದ್ದ. ಹಿಂದಿನ ಬೆಂಚಿನಲ್ಲಿ ಇಡೀ ಸಾಲು ಕೂತಿತ್ತು, ನಿನ್ನನ್ನು ಪುಣ್ಯಾತ್ಮ ಅನ್ನುವವರು.

"ಕೂರಬೇಡಿ, ನಂದಿನ್ನೂ ಮುಗಿದಿಲ್ಲ" ಅಂದೆ. "ಕಟ್ಟಡಕ್ಕೆ ಏನೂ ಆಗಿಲ್ಲ. ಅದನ್ನ ಕೆಡಿಸಿದ್ದು ನನ್ನ ಗಂಡ."

ನಾನು ನಿಲ್ಲಿಸಲಿಲ್ಲ. "ಕ್ಲಿಫರ್ಡ್ ಆಕ್ರಾಯ್ಡ್. ಒಂದು ಬೇಸಿಗೆ ಪೂರ್ತಿ, ಒಂದು ಕಾಸು ತಗೊಳ್ದೆ, ಇವರೆಲ್ಲರ ಗೋಡೆಯನ್ನೂ ಕೆಡಿಸ್ದ. ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು. ಉಸಿರಾಡೋ ಗೋಡೆಗೆ ಸಿಮೆಂಟ್ ಮೆತ್ತಿ ಬಾಯಿ ಕಟ್ದ. ಅವನು ಮುಟ್ಟದೇ ಇದ್ದ ಮನೆ ಒಂದೇ, ಬಾರಕ್ಲಫ್‌ರ ನಂಬರ್ ಐದು, ಅಲ್ಲಿ ಸಗ್ಡನ್ ಸಾಹೇಬರ ಸೂಜಿ ಏಳ್ಲೇ ಇಲ್ಲ. ಅದೇ ಕಲ್ಲು, ಅದೇ ಮಳೆ, ಅದೇ ಗುಡ್ಡ. ಬೇಕಾದ್ರೆ ಸಗ್ಡನ್ ಅವರನ್ನೇ ಕೇಳಿ. ಅವನ ತಪ್ಪಿಗೆ ಅವನ ಹೆಂಡತಿ ಬೈಯಬಹುದು. ಅದನ್ನೇ ನೆಪ ಮಾಡ್ಕೊಂಡು ನೀವು ಮನೆ ಬೀಳಿಸೋ ಹಾಗಿಲ್ಲ."

ತನಿಖಾಧಿಕಾರಿ ಕನ್ನಡಕದ ಮೇಲಿಂದ ನೋಡಿದ. "ಹೌದೇ, ಮಿಸ್ಟರ್ ಸಗ್ಡನ್? ನಂಬರ್ ಐದು ಒಣಗಿತ್ತೇ?"

ಸಗ್ಡನ್ ಮುಖ ಸುಟ್ಟ ಬದನೆಕಾಯಿ. "ಹೌದು ಸಾರ್."

"ನಾಳೆ ನೋಡೋಣ" ಅಂದ ತನಿಖಾಧಿಕಾರಿ, ಬರೆಯುತ್ತಲೇ.

ಹೊರಗೆ ಬಂದ ಮೇಲೆ ಮಿಸೆಸ್ ಫರ್ತ್ ನನ್ನ ಕಡೆ ನೋಡಲಿಲ್ಲ. ಸತ್ತವನ ಮರ್ಯಾದೆ ತೆಗೆದಳು ಅಂತ ಯಾರೋ ಅಂದದ್ದು ಕೇಳಿಸಿತು. ಬಸ್ಸಿನಲ್ಲಿ ಅತ್ತುಬಿಟ್ಟೆ. ಡೋರಾ ತನ್ನ ಕೊಳಕು ಕರವಸ್ತ್ರ ಕೊಟ್ಟಳು. ಅದರಲ್ಲೇ ಮೂಗು ಒರೆಸಿಕೊಂಡೆ.

ಸೆಪ್ಟೆಂಬರ್ 16, ಬುಧವಾರ

ತನಿಖಾಧಿಕಾರಿ ಮನೆಗೆ ಬಂದ, ಸಗ್ಡನ್ ಪೆಟ್ಟಿಗೆ ಸಮೇತ. ಬೀರುವನ್ನು ನಾನೇ ಸರಿಸಿದೆ. ಸೂಜಿ ಅರ್ಧಕ್ಕೆ ಎದ್ದು ನಿಂತಿತು. ಅರ್ಧ! ಬಾಗಿಲ ಹತ್ತಿರ ಮಾತ್ರ ಇನ್ನೂ ಮೇಲೆ ಹೋಯಿತು. "ಇಲ್ಲೇಕೆ?" ಅಂದ. ನಾನು ಬೀರುವನ್ನು ವಾಪಸ್ ತಳ್ಳಿದೆ. ಅವನು ಹೊರಗೆ ಬಂದು ಆ ಸಂದು ನೋಡಿದ, ಹೆಬ್ಬೆರಳಿನ ಗುರುತು ನೋಡಿದ, ಟೋಪಿ ಹಾಕಿಕೊಂಡು ಹೊರಟ.

ನವೆಂಬರ್ 5, ಗುರುವಾರ

ಪಟಾಕಿಯ ರಾತ್ರಿ. ಶುಂಠಿ ಹಾಕಿ ಪಾರ್ಕಿನ್ ಕೇಕು ಬೇಯಿಸಿ ಮಿಸೆಸ್ ಫರ್ತ್‌ಳಿಗೂ ಕಳಿಸಿದೆ. ತಟ್ಟೆ ತೊಳೆದು ತಾನೇ ತಂದುಕೊಟ್ಟಳು. "ಸಿಹಿ ಸ್ವಲ್ಪ ಜಾಸ್ತಿ" ಅಂದಳು. ಅಂದರೆ ಸಿಟ್ಟು ಇಳಿದಿದೆ.

ನವೆಂಬರ್ 24, ಮಂಗಳವಾರ

ತೀರ್ಪು ಬಂತು. ಜೂಬಿಲಿ ಸಾಲನ್ನು ಕೆಡವುವಂತಿಲ್ಲ. ರಿಪೇರಿ ಮುಗಿಸಬೇಕು, ಪುರಸಭೆ ಕಕ್ಕಸು ಬಚ್ಚಲು ಕಟ್ಟಿಸಿಕೊಡಬೇಕು. ಸಲಾಕೆಯಿಂದ ಬೆಂಕಿಗೂಡು ಒಡೆದುಹೋಗುವ ಹಾಗೆ ಕುಟ್ಟಿದೆ. ಡೋರಾ ತಲೆಗೆ ಕರ್ಲರ್ ಸುತ್ತಿಕೊಂಡೇ ಓಡಿಬಂದಳು. ಬೀದಿಯಲ್ಲಿ ಇಬ್ಬರೂ ಕುಣಿದೆವು. ವಾಲ್ಟ್ ಎದ್ದು ನಿಂತ, ಅದೇ ದೊಡ್ಡದು.

ಮಧ್ಯಾಹ್ನ ಉಳಿ ಹಿಡಿದು ಬಾಗಿಲ ಹತ್ತಿರ ಹೋದೆ.

"ಅದೊಂದು ಇರ್ಲಿ ಬಿಡೇ, ಹೆಟ್ಟಿ" ಅಂದಳು ಡೋರಾ, ನನ್ನ ಹೆಸರು ಹಿಡಿದೇ. "ಗೆದ್ದಾಯ್ತಲ್ಲ. ಅವನ ಗುರುತು ಅಂತ ಅದೊಂದೇ ಇರೋದು."

"ನೀರು ನುಗ್ಗೋಕೆ ಅದೊಂದೇ ಸಾಕು ಕಣೇ."

ನಿಧಾನವಾಗಿ, ಸುತ್ತಲೂ ಬಿಡಿಸಿ ಕಿತ್ತೆ. ಮುಷ್ಟಿಗಿಂತ ದೊಡ್ಡ ಉಂಡೆ, ಇಡಿಯಾಗಿ ಬಂತು. ಒಳಗಡೆ ಸಂದಿನಲ್ಲಿ ನೀರೂರುತ್ತಿತ್ತು. ಹೆಬ್ಬೆರಳಿನ ಗುಳಿಯಲ್ಲಿ ನನ್ನ ಹೆಬ್ಬೆರಳಿಟ್ಟೆ. ನಿನ್ನದು ಎಷ್ಟು ದೊಡ್ಡದಿತ್ತು, ಮರೆತೇಹೋಗಿತ್ತು. ಈ ಪುಸ್ತಕದಲ್ಲಿ ನಿನ್ನನ್ನು ಮಾತಾಡಿಸಿಯೂ ತುಂಬ ದಿನ ಆಯಿತು ಅಂತ ಕಾಣುತ್ತದೆ.

ಸಂದು ಒಣಗಬೇಕು, ಗೋಡೆಗೆ ಗಾಳಿ ಬೇಕು. ಚಳಿಯೋ ಚಳಿ, ಆದರೂ ಮುಂಬಾಗಿಲು ಪೂರ್ತಿ ತೆರೆದೆ. ಗಾಳಿಗೆ ಅದು ದಡಾರನೆ ಮುಚ್ಚಿಕೊಳ್ಳದ ಹಾಗೆ ನಿನ್ನ ಉಂಡೆಯನ್ನೇ ಅಡ್ಡ ಇಟ್ಟಿದ್ದೇನೆ. ಬಾಗಿಲು ತೆರೆದಿಡುವುದರಲ್ಲಿ ನೀನು ಗಟ್ಟಿಗ. ಹಿಡಿದುಕೊಂಡಿರು, ನಾನು ಬೈಯುವುದಿಲ್ಲ.